ಆ ಮೆಣಸು 1,361 ಕಿಲೋ ಅಲ್ಲ: ರೋಮನ್ ತೂಕದ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ತಿಂಗಳು ಇದೇ ಪುಟದಲ್ಲಿ ರೋಮ್ ನಗರದ ಮುತ್ತಿಗೆಯ ಬಗ್ಗೆ ಬರೆದಿದ್ದೆ. ಕ್ರಿ.ಶ. 408ರಲ್ಲಿ ವಿಸಿಗಾತ್ ಅನ್ನುವ ಜನರ ದೊರೆ ಅಲಾರಿಕ್ ಊರನ್ನು ಸುತ್ತುವರಿದು ಕೂತ. ಬಿಟ್ಟು ಹೋಗಬೇಕಾದರೆ 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿ, 3,000 ಕೆಂಪು ತೊಗಲು, ಜೊತೆಗೆ 3,000 ಪೌಂಡ್ ಮೆಣಸು ಕೊಡಿ ಅಂದ, ಪಡೆದೂ ಪಡೆದ. ಮೆಣಸಿನ ತೂಕ ಎಲ್ಲರಿಗೂ ಸುಲಭವಾಗಿ ತಿಳಿಯಲಿ ಅಂತ ನಾನು ಪಕ್ಕದಲ್ಲೇ 1,361 ಕಿಲೋ ಅಂತ ಸೇರಿಸಿದ್ದೆ. ಸುಮ್ನೆ ಇದ್ದಿದ್ದರೆ ಚೆನ್ನಾಗಿತ್ತು. ಪತ್ರಗಳು ಬಂದವು, ಒಂದರ ಹಿಂದೆ ಒಂದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ತೂಕಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನೀವು ಮೆಣಸಿನ ತೂಕವನ್ನು 453.6 ಗ್ರಾಂನಿಂದ ಗುಣಿಸಿದ್ದೀರಿ. ಅದು ಇಂಗ್ಲಿಷರ ಪೌಂಡ್. ಅಲಾರಿಕ್‌ನ ಕಾಲದಲ್ಲಿ ಅದು ಎಲ್ಲಿತ್ತು? ಫಿಸಿಕ್ಸ್ ಪಾಠ ಮಾಡಿದವರು ಹೀಗೆ ಮಾಡಬಹುದಾ? — ಹುಬ್ಬಳ್ಳಿಯ ಓದುಗರು

ಉತ್ತರ: ಮಾಡಬಾರದು ಸರ್. ತಪ್ಪು ನನ್ನದೇ, ಒಪ್ಪಿಕೊಂಡೆ. ಇಂಗ್ಲಿಷ್ ಪುಸ್ತಕದಲ್ಲಿ ಪೌಂಡ್ ಅಂತ ಇತ್ತು, ಕೈ ತಾನಾಗಿಯೇ ಕ್ಯಾಲ್ಕುಲೇಟರಿಗೆ ಹೋಯಿತು.

ರೋಮನ್ನರ ತೂಕದ ಹೆಸರು ಲಿಬ್ರಾ. ಲಿಬ್ರಾ ಅಂದರೆ ತಕ್ಕಡಿ ಅಂತಲೂ ಅರ್ಥ, ನಮ್ಮ ತುಲಾ ರಾಶಿಗೆ ಲಿಬ್ರಾ ಅಂತ ಹೆಸರಿರುವುದು ಅದಕ್ಕೇ. ಅವರು 'ಲಿಬ್ರಾ ಪೊಂಡೊ' ಅನ್ನುತ್ತಿದ್ದರು, ಅಂದರೆ ತೂಕದಲ್ಲಿ ಒಂದು ಲಿಬ್ರಾ. ಇಂಗ್ಲಿಷರು ಎರಡನೇ ಮಾತನ್ನು ಹಿಡಿದು ಪೌಂಡ್ ಮಾಡಿಕೊಂಡರು, ಮೊದಲ ಮಾತನ್ನು ಹಿಡಿದು ಎಲ್‌ಬಿ ಅಂತ ಚುಟುಕು ಮಾಡಿದರು. ಹೆಸರು ಉಳಿಯಿತು, ತೂಕ ಮಾತ್ರ ಬೇರೆಯಾಯಿತು. ರೋಮನ್ ಲಿಬ್ರಾ ಸುಮಾರು 327 ಗ್ರಾಂ. ಇಂಗ್ಲಿಷ್ ಪೌಂಡ್ 453.6 ಗ್ರಾಂ. ಮೊದಲನೆಯದು ಎರಡನೆಯದರ ಮುಕ್ಕಾಲೂ ಅಲ್ಲ.

ಆದ್ದರಿಂದ ಅಲಾರಿಕ್‌ನ ಮೆಣಸು ಸುಮಾರು 980 ಕಿಲೋ. ಚಿನ್ನ 1,640 ಕಿಲೋ ಹತ್ತಿರ. ನನ್ನ ತಪ್ಪು ಲೆಕ್ಕದಲ್ಲಿ ಚಿನ್ನ 2,268 ಕಿಲೋ ಆಗುತ್ತಿತ್ತು, ಅಂದರೆ ನಾನು ಕೂತಲ್ಲೇ ಅವನಿಗೆ 600 ಕಿಲೋಗಿಂತ ಜಾಸ್ತಿ ಚಿನ್ನ ದಾನ ಮಾಡಿಬಿಡುತ್ತಿದ್ದೆ.

ಕ್ಯಾಲ್ಕುಲೇಟರ್ ಇಲ್ಲದವರಿಗೆ ಒಂದು ಸುಲಭದ ದಾರಿ ಇದೆ. ಮೂರು ಲಿಬ್ರಾ ಅಂದರೆ 982 ಗ್ರಾಂ, ಹೆಚ್ಚುಕಮ್ಮಿ ಒಂದು ಕಿಲೋ. ಎಷ್ಟೇ ಲಿಬ್ರಾ ಇರಲಿ, ಮೂರರಿಂದ ಭಾಗಿಸಿ, ಬಂದದ್ದರಲ್ಲಿ ನೂರಕ್ಕೆ ಎರಡು ಕಳೆಯಿರಿ. ಅಷ್ಟೇ.

ಪ್ರಶ್ನೆ: ಎಲ್ಲಾ ಕಡೆ 327.45 ಗ್ರಾಂ ಅಂತ ದಶಮಾಂಶದ ಎರಡು ಸ್ಥಾನದವರೆಗೆ ಕೊಡುತ್ತಾರೆ. ಇನ್ನು ಕೆಲವು ಕಡೆ 322, 324 ಅಂತಲೂ ಇದೆ. ಎರಡು ಸಾವಿರ ವರ್ಷದ ಹಿಂದಿನ ತೂಕ ಇಷ್ಟು ನಿಖರವಾಗಿ ಗೊತ್ತಾಗಿದ್ದು ಹೇಗೆ? ಯಾವುದನ್ನು ನಂಬಬೇಕು? — ಶಿವಮೊಗ್ಗದ ಹೈಸ್ಕೂಲ್ ಶಿಕ್ಷಕರು

ಉತ್ತರ: ಇಷ್ಟು ದಿನ ಯಾರೂ ಇದನ್ನು ಕೇಳಲಿಲ್ಲವಲ್ಲ ಅಂತ ನನಗೆ ಬೇಸರವಿತ್ತು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಆ 327.45ರ ಜಾತಕ. ಆಗಸ್ಟ್ ಬ್ಯೋಕ್ ಅನ್ನುವ ಜರ್ಮನ್ ಪಂಡಿತ 1838ರಲ್ಲಿ ಹಳೆಯ ಕಾಲದ ತೂಕ, ಅಳತೆಗಳ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದ. ರೋಮನ್ ನಾಣ್ಯಗಳ ತೂಕದಿಂದ ಹಿಂದಕ್ಕೆ ಲೆಕ್ಕ ಹಾಕಿ, ಲಿಬ್ರಾ ಅಂದರೆ 6,165 ಪ್ಯಾರಿಸ್ ಗ್ರೇನ್ ಅಂತ ಗೊತ್ತು ಮಾಡಿದ. ಪ್ಯಾರಿಸ್ ಗ್ರೇನ್ ಅನ್ನುವುದು ಫ್ರೆಂಚರ ಹಳೆಯ ಸಣ್ಣ ತೂಕ, ಸುಮಾರು 0.0531 ಗ್ರಾಂ. ಆ 6,165ನ್ನು ಗ್ರಾಂಗೆ ಬದಲಿಸಿದಾಗ ಬಂದದ್ದೇ 327.45. ನೋಡಿದಿರಾ? ಆ ಎರಡು ದಶಮಾಂಶ ರೋಮನ್ನರ ತಕ್ಕಡಿಯಿಂದ ಬಂದದ್ದಲ್ಲ, ಗುಣಾಕಾರದಿಂದ ಬಂದದ್ದು. ಮಾರುಕಟ್ಟೆಯಲ್ಲಿ "ಒಂದು ಹಿಡಿ ಕೊತ್ತಂಬರಿ" ಅಂದಿದ್ದನ್ನು ಯಾರೋ ಮನೆಗೆ ಬಂದು "43.27 ಗ್ರಾಂ ಕೊತ್ತಂಬರಿ" ಅಂತ ಬರೆದುಕೊಂಡ ಹಾಗೆ.

ಹಾಗಂತ ಬ್ಯೋಕ್ ತಪ್ಪು ಅಂತಲ್ಲ. ಅವನ ಸಂಖ್ಯೆಯನ್ನು ನಾವೇ ಪರೀಕ್ಷೆ ಮಾಡಬಹುದು, ಬೇರೆ ದಾರಿಯಿಂದ. ರೋಮನ್ನರ ದ್ರವದ ದೊಡ್ಡ ಅಳತೆ ಆಂಫೋರಾ. ಅದರ ಗಾತ್ರ ಒಂದು ಘನ ಅಡಿ, ಅಂದರೆ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ರೋಮನ್ ಅಡಿ. ಅದರಲ್ಲಿ ಹಿಡಿಸುವ ವೈನ್ 80 ಲಿಬ್ರಾ ತೂಗಬೇಕು ಅಂತ ಅವರ ಕಾನೂನೇ ಹೇಳುತ್ತಿತ್ತು. ರೋಮನ್ ಅಡಿ ನಮಗೆ ಚೆನ್ನಾಗಿ ಗೊತ್ತು, ಕಂಚಿನ ಅಡಿಕೋಲುಗಳು ಸಿಕ್ಕಿವೆ, ಕಟ್ಟಡಗಳ ಅಳತೆಯೂ ಇದೆ: ಸುಮಾರು 29.6 ಸೆಂಟಿಮೀಟರ್. ಈಗ 29.6ನ್ನು ಘನ ಮಾಡಿ. 25,934 ಘನ ಸೆಂ.ಮೀ. ಬರುತ್ತದೆ, ಅಂದರೆ 25.93 ಲೀಟರ್. ವೈನನ್ನು ನೀರಿನಷ್ಟೇ ತೂಕ ಅಂತಿಟ್ಟುಕೊಂಡರೆ 25.93 ಕಿಲೋ. 80ರಿಂದ ಭಾಗಿಸಿದರೆ 324 ಗ್ರಾಂ.

ಬ್ಯೋಕ್‌ನ 327ಕ್ಕೂ ಇದಕ್ಕೂ ಮೂರೇ ಗ್ರಾಂ ವ್ಯತ್ಯಾಸ. ನಾಣ್ಯದ ದಾರಿಯಲ್ಲಿ ಹೋದವನೂ, ಹೆಂಡದ ಗಡಿಗೆಯ ದಾರಿಯಲ್ಲಿ ಹೋದವನೂ ಒಂದೇ ಊರಿಗೆ ಬಂದು ಮುಟ್ಟಿದ ಹಾಗಾಯಿತು. ನನಗಂತೂ ಈ ಲೆಕ್ಕ ಮೊದಲ ಸಲ ಮಾಡಿದಾಗ ಆದ ಖುಷಿ ಇನ್ನೂ ನೆನಪಿದೆ.

ಆದರೆ ಇಲ್ಲೇ ಒಂದು ಚೇಷ್ಟೆ ಮಾಡಿ ನೋಡಿ. ಅಡಿಯನ್ನು ಬರೀ ಒಂದು ಮಿಲಿಮೀಟರ್ ಜಾಸ್ತಿ ಮಾಡಿ, 29.7. ಘನ ಮಾಡಿ 80ರಿಂದ ಭಾಗಿಸಿದರೆ 327.5 ಬರುತ್ತದೆ! ಒಂದು ಮಿಲಿಮೀಟರ್ ಕಮ್ಮಿ ಮಾಡಿ 29.5 ಅಂದರೆ 321ಕ್ಕೆ ಇಳಿಯುತ್ತದೆ. ಉದ್ದದಲ್ಲಿ ನೂರಕ್ಕೆ 0.34ರಷ್ಟೇ ತಪ್ಪಿದ್ದರೂ ಘನದಲ್ಲಿ ಅದು ಮೂರು ಪಟ್ಟಾಗುತ್ತದೆ. ಮಕ್ಕಳಿಗೆ ದೋಷ ಬೆಳೆಯುವ ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ, ನೀವೂ ಬಳಸಿಕೊಳ್ಳಿ.

ಹಾಗಾದರೆ ಮಣ್ಣಿನಲ್ಲಿ ಸಿಕ್ಕ ರೋಮನ್ ತೂಕದ ಕಲ್ಲುಗಳನ್ನೇ ತೂಗಿಬಿಡಬಹುದಲ್ಲಾ ಅಂತ ನೀವು ಕೇಳಬಹುದು. ತೂಗಿದ್ದಾರೆ, ಬೇಕಾದಷ್ಟು. ಸಮಸ್ಯೆ ಏನೆಂದರೆ ಕಲ್ಲಿನದ್ದು ಮೂಲೆ ಒಡೆದು ಹಗುರ ಆಗಿರುತ್ತದೆ, ಸೀಸದ್ದು ಮೇಲೆ ಬಿಳಿ ಪದರ ಕಟ್ಟಿ ಭಾರ ಆಗಿರುತ್ತದೆ, ಕಂಚಿಗೆ ಕಿಲುಬು. ಜೊತೆಗೆ ಅಂಗಡಿಯವನು ಮೊದಲೇ ಕಮ್ಮಿ ತೂಕದ ಕಲ್ಲು ಇಟ್ಟುಕೊಂಡಿದ್ದನೋ ಏನೋ, ಅದನ್ನು ಕಂಡುಹಿಡಿಯುವುದು ಹೇಗೆ? ಸರ್ಕಾರ ಕಣ್ಣು ಮುಚ್ಚಿ ಕೂತಿರಲಿಲ್ಲ ಅನ್ನುವುದು ನಿಜ. ಕೆಲವು ತೂಕಗಳ ಮೇಲೆ ರೋಮ್‌ನ ಕಾಸ್ಟರ್ ದೇವಸ್ಥಾನದಲ್ಲಿ ಪರೀಕ್ಷೆ ಆಗಿದೆ ಅಂತ ಬರೆದಿರುತ್ತದೆ. ಕ್ರಿ.ಶ. 77ರ ಒಂದು ಕೋಲು ತಕ್ಕಡಿಯ ಮೇಲೆ ಕ್ಯಾಪಿಟಲ್ ಗುಡ್ಡದಲ್ಲಿ ಸರಿನೋಡಿದ್ದು ಅಂತಿದೆ. 160ರ ದಶಕದಲ್ಲಿ ರೋಮ್ ನಗರದ ಅಧಿಕಾರಿಯಾಗಿದ್ದ ಜೂನಿಯಸ್ ರಸ್ಟಿಕಸ್‌ನ ಹೆಸರು ಕೆತ್ತಿದ ತೂಕದ ಕಲ್ಲುಗಳೂ ಇವೆ. ಈತ ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ನ ಗುರು. ನಮ್ಮ ಅಂಗಡಿ ತಕ್ಕಡಿಗೆ ವರ್ಷವರ್ಷ ಇಲಾಖೆಯವರು ಮುದ್ರೆ ಒತ್ತುತ್ತಾರಲ್ಲ, ಅದೇ ಕತೆ.

ಯಾವುದನ್ನು ನಂಬಬೇಕು ಅಂದರೆ: 322ರಿಂದ 329 ಗ್ರಾಂ ನಡುವೆ ಎಲ್ಲೋ ಇದೆ ಅಂತ ನಂಬಿ. ಕಡೆಯ ಕಾಲದ ಚಿನ್ನದ ನಾಣ್ಯಗಳು ಕೆಳಗಿನ ತುದಿಯ ಕಡೆ ಎಳೆಯುತ್ತವೆ. ಲೆಕ್ಕಕ್ಕೆ ಯಾವುದಾದರೂ ಒಂದನ್ನು ಹಿಡಿಯಿರಿ, ನಾನು 327.45 ಹಿಡಿಯುತ್ತೇನೆ, ಜಾಸ್ತಿ ಜನ ಬಳಸುವುದು ಅದು ಅಂತ. ಆದರೆ ಉತ್ತರ ಬರೆಯುವಾಗ ಮೂರು ಅಂಕಿಗೆ ನಿಲ್ಲಿಸಿ. ಅಲಾರಿಕ್‌ನ ಮೆಣಸು 982.35 ಕಿಲೋ ಅಂತ ಬರೆದರೆ ಅದು ಜಾಣತನ ಅಲ್ಲ, ಸುಳ್ಳು.

ಪ್ರಶ್ನೆ: ಲಿಬ್ರಾದ ಕೆಳಗಿನ ತೂಕಗಳ ಪಟ್ಟಿ ಕೊಡಿ ಮೇಡಂ, ಪರೀಕ್ಷೆಗೆ ಓದುತ್ತಿದ್ದೇನೆ. — ಕೊಪ್ಪಳದ ಓದುಗರು

ಉತ್ತರ: ಪಟ್ಟಿ ಬಾಯಿಪಾಠ ಮಾಡಿದರೆ ಮರೆತುಹೋಗುತ್ತೆ. ಆಣೆ ಲೆಕ್ಕ ಮಾಡಿದರೆ ಮರೆಯಲ್ಲ. ನಿಮ್ಮ ಮನೆಯಲ್ಲಿ ಹಿರಿಯರು "ಹದಿನಾರಾಣೆ ನಿಜ" ಅನ್ನೋದು ಕೇಳಿದ್ದೀರಲ್ಲ? ರೂಪಾಯಿಗೆ ಹದಿನಾರಾಣೆ, ಆದ್ದರಿಂದ ಹದಿನಾರಾಣೆ ಅಂದರೆ ಪೂರ್ತಿ, ಎಂಟಾಣೆ ಅಂದರೆ ಅರ್ಧ. ರೋಮನ್ನರದ್ದೂ ಇದೇ ಬುದ್ಧಿ, ಆದರೆ ಅವರದು ಹನ್ನೆರಡಾಣೆಯ ಲೋಕ. ಒಂದು ಲಿಬ್ರಾಕ್ಕೆ 12 ಉನ್ಸಿಯಾ. ಉನ್ಸಿಯಾ ಅಂದರೇನೇ ಹನ್ನೆರಡರಲ್ಲಿ ಒಂದು ಪಾಲು. ತೂಕಕ್ಕೆ ಮಾತ್ರ ಅಲ್ಲ, ಅಡಿಗೂ, ಆಸ್ತಿ ಪಾಲಿಗೂ ಅದೇ ಮಾತು. ಇಂಗ್ಲಿಷಿನ ಔನ್ಸ್ ಮತ್ತು ಇಂಚ್ ಎರಡೂ ಇದೇ ತಾಯಿಯ ಮಕ್ಕಳು. ಇಡೀ ಆಸ್ತಿಗೆ ವಾರಸುದಾರ ಅನ್ನಲು 'ಆಸ್'ಗೆ ವಾರಸುದಾರ ಅನ್ನುತ್ತಿದ್ದರು, ಅಂದರೆ ಪೂರ್ತಿ ಹನ್ನೆರಡು ಪಾಲಿಗೆ. ಅರ್ಧಕ್ಕೆ ಸೆಮಿಸ್, ಕಾಲಿಗೆ ಕ್ವಾಡ್ರಾನ್ಸ್, ಮುಕ್ಕಾಲಿಗೆ ದೋದ್ರಾನ್ಸ್. ದೋದ್ರಾನ್ಸ್ ಅನ್ನುವ ಮಾತಿನ ಒಳಗೆ 'ಕಾಲು ಕಮ್ಮಿ' ಅನ್ನುವ ಅರ್ಥ ಇದೆ, ನಮ್ಮ ಮುಕ್ಕಾಲಿನ ಒಳಗೆ ಮೂರು ಕಾಲು ಇರುವ ಹಾಗೆ.

ಒಂದು ಉನ್ಸಿಯಾ 27.3 ಗ್ರಾಂ. ಅದರ ಇಪ್ಪತ್ತನಾಲ್ಕನೇ ಒಂದು ಪಾಲು ಸ್ಕ್ರಿಪುಲಂ, 1.14 ಗ್ರಾಂ. ಅದರ ಆರನೇ ಒಂದು ಪಾಲು ಸಿಲಿಕ್ವಾ, 0.19 ಗ್ರಾಂ. ಲಿಬ್ರಾಕ್ಕೆ 288 ಸ್ಕ್ರಿಪುಲಂ, 1,728 ಸಿಲಿಕ್ವಾ. ಈ 1,728 ಎಲ್ಲೋ ನೋಡಿದ ಹಾಗಿದೆ ಅಲ್ವಾ? ಹನ್ನೆರಡರ ಘನ. ಮೇಲಕ್ಕೆ ಹೋದರೆ ನೂರು ಲಿಬ್ರಾದ ಸೆಂಟುಂಪೊಂಡಿಯಂ, 32.7 ಕಿಲೋ. ಪರೀಕ್ಷೆಗೆ ಇಷ್ಟು ಸಾಕು.

ಪ್ರಶ್ನೆ: ಅಜ್ಜಿ ವಯಸ್ಸಿನ ಮೇಡಂಗೆ ನಮಸ್ಕಾರ. ನಮ್ಮ ಪಿಯುಸಿ ಲೆಕ್ಚರರ್ ಕಿಲೋ ಅಂದರೆ ದ್ರವ್ಯರಾಶಿ, ತೂಕ ಅಂದರೆ ಬಲ, ಅದನ್ನು ನ್ಯೂಟನ್‌ನಲ್ಲಿ ಹೇಳಬೇಕು ಅಂತಾರೆ. ಹಾಗಾದರೆ ಲಿಬ್ರಾವನ್ನು ನ್ಯೂಟನ್‌ಗೆ ಬದಲಿಸಬೇಕಲ್ವಾ? — ಚಿಕ್ಕಮಗಳೂರಿನ ವಿದ್ಯಾರ್ಥಿ

ಉತ್ತರ: ನಮಸ್ಕಾರ ತಮ್ಮಾ, ವಯಸ್ಸಿನ ವಿಷಯ ಇಲ್ಲಿಗೆ ಬಿಡು. ನಿನ್ನ ಲೆಕ್ಚರರ್ ಹೇಳಿದ್ದು ಸರಿ. ಆದರೂ ಲಿಬ್ರಾಕ್ಕೆ ಕಿಲೋನೇ ಸರಿ. ಯಾಕೆ ಅಂದರೆ ರೋಮನ್ನರು ಬಲವನ್ನು ಅಳೆಯಲೇ ಇಲ್ಲ. ಎರಡು ತಟ್ಟೆಯ ತಕ್ಕಡಿಯಲ್ಲಿ ಒಂದು ಕಡೆ ಕಲ್ಲು, ಇನ್ನೊಂದು ಕಡೆ ಮೆಣಸು. ಭೂಮಿ ಎರಡನ್ನೂ ಒಂದೇ ರೀತಿ ಎಳೆಯುತ್ತದೆ, ಆದ್ದರಿಂದ ಆ ಎಳೆತ ಎರಡೂ ಕಡೆ ವಜಾ ಆಗುತ್ತದೆ, ಉಳಿಯುವುದು ದ್ರವ್ಯರಾಶಿಯ ಹೋಲಿಕೆ. ಅದೇ ತಕ್ಕಡಿಯನ್ನು ಚಂದ್ರನ ಮೇಲೆ ಇಟ್ಟರೂ ಅದೇ ಮೆಣಸಿಗೆ ಅದೇ ಕಲ್ಲು ಸಮ ನಿಲ್ಲುತ್ತದೆ. ಅವರ ಕೋಲು ತಕ್ಕಡಿ, ಅಂದರೆ ಒಂದು ಕಡೆ ಕೊಕ್ಕೆ, ಇನ್ನೊಂದು ಕಡೆ ಉದ್ದದ ಕೋಲಿನ ಮೇಲೆ ಸರಿಸುವ ಗುಂಡು, ಅದರಲ್ಲೂ ಹೀಗೇ. ಸ್ಪ್ರಿಂಗ್ ತಕ್ಕಡಿ ಇದ್ದಿದ್ದರೆ ಆಗ ನಿನ್ನ ಪ್ರಶ್ನೆಗೆ ಜೀವ ಬರುತ್ತಿತ್ತು.

ಬೇಕೇ ಬೇಕು ಅಂದರೆ 0.327ನ್ನು 9.81ರಿಂದ ಗುಣಿಸು, 3.21 ನ್ಯೂಟನ್. ಒಂದು ಲಿಬ್ರಾ ಮೆಣಸಿನ ಚೀಲ ನಿನ್ನ ಕೈಯನ್ನು ಕೆಳಕ್ಕೆ ಎಳೆಯುವ ಬಲ ಅದು. ಇನ್ನೊಂದು ಮಾತು. ನಾವು ಯಾವುದಕ್ಕೆ ಬದಲಿಸುತ್ತಿದ್ದೇವೋ ಆ ಕಿಲೋ 2019ರ ಮೇ 20ರಿಂದ ಲೋಹದ ಗುಂಡಿನ ಹಂಗು ಬಿಟ್ಟು ಪ್ಲಾಂಕ್ ಸ್ಥಿರಾಂಕ ಅನ್ನುವ, ಎಂದೂ ಬದಲಾಗದ ಸಂಖ್ಯೆಯ ಮೇಲೆ ನಿಂತಿದೆ. ಅಂದರೆ ಕಿಲೋ ಕಡೆಯಿಂದ ಯಾವ ಅನುಮಾನವೂ ಇಲ್ಲ. ಅನುಮಾನ ಪೂರ್ತಿ ಲಿಬ್ರಾ ಕಡೆಯದು, ನೂರಕ್ಕೆ ಒಂದರಷ್ಟು.

ಪ್ರಶ್ನೆ: ಅಕ್ಕಾ, ಇಲ್ಲಿ ಚಳಿಗೆ ಬೇಜಾರಾಗಿ ರೋಮನ್ನರ ಲಿಬುಂ ಅನ್ನುವ ತಿಂಡಿ ಮಾಡಿದೆ. ಎರಡು ಪೌಂಡ್ ಚೀಸ್, ಒಂದು ಪೌಂಡ್ ಹಿಟ್ಟು, ಒಂದು ಮೊಟ್ಟೆ ಅಂತಿತ್ತು. ಅಡುಗೆಮನೆ ತಕ್ಕಡಿಯನ್ನು ಪೌಂಡಿಗೆ ತಿರುಗಿಸಿ ತೂಗಿದೆ. ಬಾಯಿಗಿಟ್ಟರೆ ಪುಡಿ ಪುಡಿ. ನನ್ನ ಗಂಡ ಇದು ರೋಮ್ ಬಿದ್ದ ಕಾರಣ ಅಂದರು. — ಡಬ್ಲಿನ್‌ನಿಂದ ಧಾರವಾಡದ ಓದುಗರು

ಉತ್ತರ: ನಿಮ್ಮವರಿಗೆ ಹೇಳಿ, ಕಾರಣ ಮೊಟ್ಟೆ.

ಈ ಅಡುಗೆ ಕೇಟೋ ಅನ್ನುವ ರೋಮನ್ ಹಿರಿಯನ ಬೇಸಾಯದ ಪುಸ್ತಕದಲ್ಲಿದೆ, ಕ್ರಿ.ಪೂ. 2ನೇ ಶತಮಾನದ್ದು. ನೀವು ಮಾಡಿದ್ದು ನಾನು ಮಾಡಿದ ತಪ್ಪೇ. ಆದರೆ ಇಲ್ಲೊಂದು ತಮಾಷೆ ಇದೆ. ಚೀಸು, ಹಿಟ್ಟು ಎರಡನ್ನೂ ಒಂದೇ ತಪ್ಪು ಪೌಂಡಿನಲ್ಲಿ ತೂಗಿದರೆ ಅವೆರಡರ ಪ್ರಮಾಣ ಕೆಡುವುದಿಲ್ಲ, ಎರಡಕ್ಕೆ ಒಂದು ಹಾಗೇ ಇರುತ್ತದೆ. ಆದರೆ ಮೊಟ್ಟೆಯನ್ನು ತೂಗಲ್ಲ, ಎಣಿಸುತ್ತೇವೆ! ಕೇಟೋನ ಒಂದು ಮೊಟ್ಟೆ 655 ಗ್ರಾಂ ಚೀಸು, 327 ಗ್ರಾಂ ಹಿಟ್ಟನ್ನು ಹಿಡಿದು ನಿಲ್ಲಿಸಬೇಕಿತ್ತು. ನೀವು ಅದೇ ಒಂದು ಮೊಟ್ಟೆಗೆ 907 ಗ್ರಾಂ ಚೀಸು, 454 ಗ್ರಾಂ ಹಿಟ್ಟಿನ ಸಂಸಾರ ಹೊರಿಸಿದಿರಿ. ಸುಮಾರು 1.4 ಪಟ್ಟು. ಪಾಪ, ಅದೇನು ಮಾಡೀತು?

ಇನ್ನೊಂದು, ಇನ್ನೂ ಮೃದು ಬೇಕಾದರೆ ಒಂದು ಲಿಬ್ರಾ ಸಾದಾ ಹಿಟ್ಟಿನ ಬದಲು ಅರ್ಧ ಲಿಬ್ರಾ ನಯವಾದ ಹಿಟ್ಟು ಹಾಕಿ ಅಂತ ಕೇಟೋನೇ ಹೇಳಿದ್ದಾನೆ. ಅಂದರೆ 164 ಗ್ರಾಂ. ಮೊದಲು ಚೀಸನ್ನು ಚೆನ್ನಾಗಿ ಅರೆಯಿರಿ, ಕೆಳಗೆ ಎಲೆ ಹಾಸಿ, ಮೇಲೆ ಮುಚ್ಚಿ, ನಿಧಾನ ಬೇಯಿಸಿ. ಗಟ್ಟಿ ಪನೀರ್ ಹಾಕಿದ್ದರೆ ಅದನ್ನೂ ಬದಲಿಸಿ, ಅದರಲ್ಲಿ ನೀರಿನ ಅಂಶವೇ ಕಮ್ಮಿ. ಮತ್ತೆ ಮಾಡಿದರೆ ಬರೆಯಿರಿ.

ಪ್ರಶ್ನೆ: ನಾವು ಮೂರು ತಲೆಮಾರಿನ ಚಿನ್ನದ ಕೆಲಸದವರು. 24 ಕ್ಯಾರೆಟ್ ಅಂತ ಯಾಕೆ, 20 ಅಥವಾ 100 ಅಂತ ಯಾಕಿಲ್ಲ? ಟಿವಿಯಲ್ಲಿ ಹೇಳುವ ಚಿನ್ನದ ಔನ್ಸ್ ರೋಮನ್ನರದ್ದೇನಾ? — ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಒಂದು ನಾಣ್ಯದಲ್ಲಿದೆ. 4ನೇ ಶತಮಾನದ ಆರಂಭದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಸಾಲಿಡಸ್ ಅನ್ನುವ ಚಿನ್ನದ ನಾಣ್ಯ ತಂದ. ಒಂದು ಲಿಬ್ರಾ ಚಿನ್ನಕ್ಕೆ 72 ನಾಣ್ಯ. ಲೆಕ್ಕ ಮಾಡಿದರೆ ಒಂದೊಂದು 4.55 ಗ್ರಾಂ, ಈಗ ಸಿಗುವ ನಾಣ್ಯಗಳನ್ನು ತೂಗಿದರೆ ಜಾಸ್ತಿಯವು 4.4ರಿಂದ 4.5 ಬರುತ್ತವೆ. ಈಗ ಮೇಲೆ ಹೇಳಿದ ಸಿಲಿಕ್ವಾ ನೆನಪಿಸಿಕೊಳ್ಳಿ. ಲಿಬ್ರಾಕ್ಕೆ 1,728 ಸಿಲಿಕ್ವಾ. 72ರಿಂದ ಭಾಗಿಸಿ. 24! ಒಂದು ಸಾಲಿಡಸ್ ನಾಣ್ಯಕ್ಕೆ 24 ಸಿಲಿಕ್ವಾ ಚಿನ್ನ. 24ಕ್ಕೆ 24 ಇದ್ದರೆ ಅಪ್ಪಟ, 22 ಇದ್ದರೆ ಎರಡು ಪಾಲು ಬೆರಕೆ. ನಿಮ್ಮ ಒಡವೆಯ ಮೇಲಿನ 916 ಅನ್ನುವ ಗುರುತು ಅದೇ 22ನ್ನು 24ರಿಂದ ಭಾಗಿಸಿದ್ದು.

ಸಿಲಿಕ್ವಾ ಅಂದರೆ ಕ್ಯಾರಬ್ ಮರದ ಕಾಯಿ. ಅದರ ಬೀಜವೇ ತೂಕ. ಗ್ರೀಕರಲ್ಲಿ ಅದಕ್ಕೆ ಕೆರಾಟಿಯನ್ ಅಂತ ಹೆಸರು, ಅರಬ್ಬರ ಬಾಯಲ್ಲಿ ಕಿರಾತ್, ಅಲ್ಲಿಂದ ಕ್ಯಾರೆಟ್. ನಿಮ್ಮ ಅಜ್ಜ ಗುಲಗಂಜಿ ಇಟ್ಟು ಚಿನ್ನ ತೂಗುತ್ತಿದ್ದರಲ್ಲ, ಸುಮಾರು 0.12 ಗ್ರಾಂದು, ಮೆಡಿಟರೇನಿಯನ್ ಕಡೆಯವರ ಗುಲಗಂಜಿ ಇದು, 0.19 ಗ್ರಾಂ. ರತ್ನ ತೂಗುವ ಈಗಿನ ಕ್ಯಾರೆಟ್ಟನ್ನು 1907ರಲ್ಲಿ ಸರಿಯಾಗಿ 0.2 ಗ್ರಾಂ ಅಂತ ದುಂಡಗೆ ಮಾಡಿದರು. ಕ್ಯಾರಬ್ ಬೀಜಗಳೆಲ್ಲ ಒಂದೇ ತೂಕ ಇರುತ್ತವೆ, ಅದಕ್ಕೇ ಅವನ್ನು ಆರಿಸಿದರು ಅಂತ ಎಲ್ಲಾ ಕಡೆ ಬರೆಯುತ್ತಾರೆ. ಅದು ನಿಜ ಅಲ್ಲ. 2006ರಲ್ಲಿ ಜ್ಯೂರಿಕ್‌ನ ಸಂಶೋಧಕರು ತೂಗಿ ನೋಡಿದರು, ಬೇರೆ ಮರಗಳ ಬೀಜದಷ್ಟೇ ಅವೂ ಹೆಚ್ಚುಕಮ್ಮಿ. ಆದರೆ ಮನುಷ್ಯರು ಕಣ್ಣಳತೆಯಲ್ಲೇ ಒಂದೇ ತರದವನ್ನು ಹೆಕ್ಕಿ ತೆಗೆಯಬಲ್ಲರು. ಇದು ನಿಮಗೆ ನಾನು ಹೇಳಬೇಕಿಲ್ಲ.

ಔನ್ಸ್ ವಿಷಯ. ಒಂದೇ ಹೆಸರಿನ ಮೂರು ಜನ ಇದ್ದಾರೆ. ರೋಮನ್ ಉನ್ಸಿಯಾ 27.3 ಗ್ರಾಂ. ದಿನಸಿಯ ಇಂಗ್ಲಿಷ್ ಔನ್ಸ್ 28.35. ಟಿವಿಯಲ್ಲಿ ಅಂತರರಾಷ್ಟ್ರೀಯ ಚಿನ್ನದ ದರ ಹೇಳುವುದು ಟ್ರಾಯ್ ಔನ್ಸ್‌ಗೆ, ಅದು 31.1. ಟ್ರಾಯ್ ಪೌಂಡಿಗೆ ರೋಮನ್ನರ ಹಾಗೇ 12 ಔನ್ಸ್, ದಿನಸಿ ಪೌಂಡಿಗೆ 16. ಹಳೆಯ ಪುಸ್ತಕದಲ್ಲಿ ಬರೀ ಔನ್ಸ್ ಅಂತ ಕಂಡರೆ ಯಾವ ಮನೆಯವನಪ್ಪಾ ನೀನು ಅಂತ ಮೊದಲು ಕೇಳಿ.

ಪ್ರಶ್ನೆ: ಲಂಡನ್ನಿನ ಮ್ಯೂಸಿಯಂನಲ್ಲಿ ಬನ್ನಿನ ಆಕಾರದ ಕಪ್ಪು ರೋಮನ್ ಕಲ್ಲು ನೋಡಿದೆ. ಮೇಲೆ ಎಸ್ ಅಕ್ಷರ, ಪಕ್ಕದಲ್ಲಿ ಮೂರು ಚುಕ್ಕೆ. ಏನದು? — ಲಂಡನ್ನಿನ ಓದುಗರು

ಉತ್ತರ: ತೂಕದ ಕಲ್ಲು. ಎಸ್ ಅಂದರೆ ಸೆಮಿಸ್, ಅರ್ಧ, ಆರು ಉನ್ಸಿಯಾ. ಒಂದೊಂದು ಚುಕ್ಕೆ ಒಂದೊಂದು ಉನ್ಸಿಯಾ. ಒಟ್ಟು ಒಂಬತ್ತು, ಅಂದರೆ ನಮ್ಮ ಮುಕ್ಕಾಲು, ದೋದ್ರಾನ್ಸ್. 246 ಗ್ರಾಂ ಇರಬೇಕು. ಪಕ್ಕದ ಚೀಟಿಯಲ್ಲಿ ಅದಕ್ಕಿಂತ ಕಮ್ಮಿ ಇದ್ದರೆ ಕಲ್ಲಿನ ಅಂಚು ಒಡೆದಿದೆಯಾ ನೋಡಿ. ಒಡೆದಿಲ್ಲದಿದ್ದರೆ ಅಂಗಡಿಯವನನ್ನು ಅನುಮಾನಿಸಿ.

ಪ್ರಶ್ನೆ: ನಾನು ಆಯುರ್ವೇದದ ವಿದ್ಯಾರ್ಥಿನಿ. ಹಳೆಯ ರೋಮನ್ ವೈದ್ಯದ ಪುಸ್ತಕಗಳಲ್ಲಿ ಔಷಧವನ್ನು ನಾಣ್ಯದ ಹೆಸರಿನಲ್ಲಿ ತೂಗುತ್ತಾರೆ. ಅದನ್ನು ಗ್ರಾಂಗೆ ಬದಲಿಸುವುದು ಹೇಗೆ? — ಉಡುಪಿಯ ಓದುಗರು

ಉತ್ತರ: ಹುಷಾರಾಗಿ. ವೈದ್ಯದ ಪುಸ್ತಕ ಬರೆದ 1ನೇ ಶತಮಾನದ ರೋಮನ್ ಸೆಲ್ಸಸ್ ಈ ವಿಷಯದಲ್ಲಿ ದೊಡ್ಡ ಉಪಕಾರ ಮಾಡಿದ್ದಾನೆ. ತನ್ನ ಲೆಕ್ಕದಲ್ಲಿ ಒಂದು ಉನ್ಸಿಯಾಕ್ಕೆ ಏಳು ಡಿನೇರಿಯಸ್ (ರೋಮನ್ನರ ಬೆಳ್ಳಿ ನಾಣ್ಯ), ಒಂದು ಡಿನೇರಿಯಸ್‌ಗೆ ಆರು ಪಾಲು, ಆ ಒಂದು ಪಾಲು ಅರ್ಧ ಸ್ಕ್ರಿಪುಲಂಗಿಂತ ಚೂರು ಜಾಸ್ತಿ ಅಂತ ಅವನೇ ಬಿಡಿಸಿ ಹೇಳಿದ್ದಾನೆ. ಪರೀಕ್ಷೆ ಮಾಡೋಣ. 27.29ನ್ನು ಏಳರಿಂದ ಭಾಗಿಸಿದರೆ 3.90 ಗ್ರಾಂ. ಅದರ ಆರನೇ ಪಾಲು 0.65. ಅರ್ಧ ಸ್ಕ್ರಿಪುಲಂ 0.57. ಚೂರು ಜಾಸ್ತಿನೇ! ಎಲ್ಲಾ ವೈದ್ಯರೂ ಹೀಗೆ ಬರೆದಿದ್ದರೆ ನನ್ನಂಥವರ ಕೆಲಸ ಎಷ್ಟು ಹಗುರವಾಗುತ್ತಿತ್ತು.

ಆದರೆ ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ನಾಣ್ಯದ ತೂಕ ಇಳಿಸಿದ. ಆಮೇಲೆ ಉನ್ಸಿಯಾಕ್ಕೆ ಏಳಲ್ಲ, ಎಂಟು. ಡಿನೇರಿಯಸ್ 3.41 ಗ್ರಾಂಗೆ ಬಂತು. ಉನ್ಸಿಯಾದ ಎಂಟನೇ ಪಾಲಿಗೆ ವೈದ್ಯರು ಡ್ರಾಕ್ಮಾ ಅಂತಲೂ ಅನ್ನುತ್ತಿದ್ದರು. ಅಂದರೆ ಸೆಲ್ಸಸ್‌ನ ಒಂದು ಡಿನೇರಿಯಸ್ ಔಷಧಕ್ಕೂ ನೂರು ವರ್ಷದ ನಂತರದ ವೈದ್ಯನ ಒಂದು ಡ್ರಾಕ್ಮಾಕ್ಕೂ ಅರ್ಧ ಗ್ರಾಂ ಫರಕು. ಜೇನುತುಪ್ಪಕ್ಕಾದರೆ ಪರವಾಗಿಲ್ಲ. ಅವರು ಧಾರಾಳವಾಗಿ ಬಳಸುತ್ತಿದ್ದ ಅಫೀಮಿಗೆ ಹಾಗನ್ನುವ ಹಾಗಿಲ್ಲ. ಮೊದಲು ಬರೆದವನ ಕಾಲ ನೋಡಿ, ಆಮೇಲೆ ಗುಣಿಸಿ. ಮತ್ತೆ ದಯವಿಟ್ಟು ಓದಲು ಮಾತ್ರ, ಯಾರಿಗೂ ಕುಡಿಸಬೇಡಿ.

ಪ್ರಶ್ನೆ: ಮೇಡಂ, ನಮ್ಮದು ಸಣ್ಣ ತೋಟ, ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ. ರೋಮನ್ನರು ಮೆಣಸಿಗೆ ಏನು ದರ ಕೊಡುತ್ತಿದ್ದರು, ಈಗಿನ ಲೆಕ್ಕದಲ್ಲಿ ಹೇಳ್ತೀರಾ? — ಶಿರಸಿಯ ಓದುಗರು

ಉತ್ತರ: ಹೇಳದೇ ಬಿಡುತ್ತೇನಾ? ಪ್ಲಿನಿ ಅನ್ನುವ ರೋಮನ್ ಲೇಖಕ ಕ್ರಿ.ಶ. 70ರ ದಶಕದಲ್ಲಿ ದರ ಬರೆದಿಟ್ಟಿದ್ದಾನೆ. ಲಿಬ್ರಾಕ್ಕೆ ಹಿಪ್ಪಲಿ 15 ಡಿನೇರಿಯಸ್, ಬಿಳಿ ಮೆಣಸು 7, ಕರಿ ಮೆಣಸು 4. ಆ ಡಿನೇರಿಯಸ್ ನಿಮ್ಮ ಕಡೆಯವರಿಗೆ ತೀರಾ ಹೊರಗಿನದೇನಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಕಾಲದ ಡಿನೇರಿಯಸ್‌ಗಳು ಮಣ್ಣಿನಿಂದ ಎದ್ದು ಬಂದಿವೆ. ಅವು ನೀರೋಗಿಂತ ಹಿಂದಿನವು, ಲಿಬ್ರಾಕ್ಕೆ 84ರ ಭಾರದ ನಾಣ್ಯ. ಪ್ಲಿನಿ ದರ ಬರೆಯುವ ಹೊತ್ತಿಗೆ ಲಿಬ್ರಾಕ್ಕೆ 96.

ಈಗ ಗಮನಿಸಿ. 96 ನಾಣ್ಯಕ್ಕೆ ಒಂದು ಲಿಬ್ರಾ ಆದರೆ 4 ನಾಣ್ಯ ಅಂದರೆ ಲಿಬ್ರಾದ ಇಪ್ಪತ್ತನಾಲ್ಕನೇ ಒಂದು ಪಾಲು. ಅಂದರೆ 24 ತೂಕ ಕರಿ ಮೆಣಸಿಗೆ ಒಂದು ತೂಕ ಬೆಳ್ಳಿ ನಾಣ್ಯ. ಇಲ್ಲಿ ಲಿಬ್ರಾ 322 ಆಗಲಿ 329 ಆಗಲಿ, ನನ್ನ ಹೋದ ತಿಂಗಳ 453 ಆಗಲಿ, ಉತ್ತರ ಒಂದಿಷ್ಟೂ ಅಲುಗಾಡುವುದಿಲ್ಲ. ಈ ಪುಟದಲ್ಲಿ ಇವತ್ತು ನಾನು ಅನುಮಾನವಿಲ್ಲದೆ ಕೊಡುತ್ತಿರುವ ಒಂದೇ ಲೆಕ್ಕ ಇದು. ನಿಮ್ಮ ಒಂದು ಕ್ವಿಂಟಲ್ ಮೆಣಸಿಗೆ 4 ಕಿಲೋ 167 ಗ್ರಾಂ ಬೆಳ್ಳಿ ನಾಣ್ಯ. ಇವತ್ತಿನ ಬೆಳ್ಳಿ ದರಕ್ಕೆ ನೀವೇ ಗುಣಿಸಿ ನೋಡಿ. ನಾಣ್ಯ ಅಪ್ಪಟ ಬೆಳ್ಳಿ ಆಗಿರಲಿಲ್ಲ, ನೀರೋ ಅದಕ್ಕೂ ತಾಮ್ರ ಬೆರೆಸಿದ್ದ, ಆದ್ದರಿಂದ ಸ್ವಲ್ಪ ಕಳೆಯಿರಿ.

ಆದರೆ ಇದು ರೋಮ್ ಅಂಗಡಿಯ ದರ, ತೋಟದ ದರ ಅಲ್ಲ. ನಡುವೆ ಸಮುದ್ರ ಇತ್ತು, ಮರುಭೂಮಿ ಇತ್ತು, ಈಜಿಪ್ಟಿನಲ್ಲಿ ಸರಕಿನ ಮೇಲೆ ನೂರಕ್ಕೆ 25ರ ಸುಂಕ ಇತ್ತು. ಭಾರತದಿಂದ ಬಂದ ಮಾಲು ಅಲ್ಲಿ ಕೊಂಡ ಬೆಲೆಯ ನೂರು ಪಟ್ಟಿಗೆ ಇಲ್ಲಿ ಮಾರಾಟ ಆಗುತ್ತೆ ಅಂತ ಪ್ಲಿನಿ ಗೊಣಗಿದ್ದಾನೆ. ಅವನ ಗೊಣಗಾಟವನ್ನು ನಾನು ಪೂರ್ತಿ ನಂಬಲ್ಲ. ನಂಬುವುದಾದರೆ ಆ ಕ್ವಿಂಟಲ್ ಮೆಣಸಿಗೆ ಇಲ್ಲಿ ಕೈಗೆ ಬಂದದ್ದು 42 ಗ್ರಾಂ ಬೆಳ್ಳಿ.